“ಕೆಲಸ ಹೋಯಿತು” ಎಂದರೆ ಸಾಲದು: ನಿರುದ್ಯೋಗ ವಿಮೆಯ ಮೇಲ್ಮನವಿ ಕುರಿತು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿದ್ದೇನೆ. ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿದ್ದು, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇದೆ. ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷ ಟೆಸ್ಟಿಂಗ್ ಕೆಲಸ ಮಾಡಿದೆ. ಊರಿನಿಂದ ಬಂದಿದ್ದ ಮಾವನವರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು ಎರಡು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಎರಡೂ ದಿನ ಬೆಳಿಗ್ಗೆಯೇ ಮ್ಯಾನೇಜರಿಗೆ ಮೆಸೇಜ್ ಕಳಿಸಿದ್ದೆ. ಅದಕ್ಕೂ ಹಿಂದೆ ತಡವಾಗಿ ಬಂದದ್ದಕ್ಕೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ವಾಪಸು ಹೋದ ದಿನವೇ ತೆಗೆದುಹಾಕಿದರು. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕುವಾಗ ಕಾರಣದ ಜಾಗದಲ್ಲಿ ‘ಲೇ-ಆಫ್’ (ಹುದ್ದೆಯೇ ರದ್ದಾದದ್ದು) ಎಂದು ಗುರುತು ಮಾಡಿದೆ. ಈಗ ಈ ಭತ್ಯೆ ನೋಡಿಕೊಳ್ಳುವ ರಾಜ್ಯದ ಇಲಾಖೆಯಾದ ಇಡಿಡಿಯಿಂದ ಪತ್ರ ಬಂದಿದೆ: ನಿಮ್ಮನ್ನು ದುರ್ನಡತೆಗಾಗಿ ತೆಗೆದಿದ್ದಾರೆ, ಭತ್ಯೆ ಸಿಗುವುದಿಲ್ಲ, ಜೊತೆಗೆ ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂದು. ಮೇಲ್ಮನವಿಗೆ ಇನ್ನು ಹನ್ನೊಂದು ದಿನ ಉಳಿದಿದೆ. ಕೊಡುವುದಿಲ್ಲ ಎಂದ ಇಲಾಖೆಗೇ ಮತ್ತೆ ಬರೆದು ಏನು ಪ್ರಯೋಜನ? ವಕೀಲರಿಲ್ಲದೆ ಆಗುತ್ತದೆಯೇ? ಗ್ರೀನ್ ಕಾರ್ಡಿಗೆ ತೊಂದರೆಯಾದೀತು, ಸುಮ್ಮನಿದ್ದುಬಿಡು ಎನ್ನುತ್ತಾರೆ ನಮ್ಮ ಯಜಮಾನರು.

ಉತ್ತರ: ಕೆಳಗಿನದನ್ನೆಲ್ಲ ನಿಧಾನವಾಗಿ ಓದಿಕೊಳ್ಳಬಹುದು; ಒಂದು ಕೆಲಸವನ್ನು ಮಾತ್ರ ಇವತ್ತೇ ಮುಗಿಸಿ. ಮೇಲ್ಮನವಿಯ ಕಾಗದವನ್ನು ಕಳಿಸಿಬಿಡಿ. ಕ್ಯಾಲಿಫೋರ್ನಿಯದಲ್ಲಿ 30 ದಿನಗಳ ಗಡುವನ್ನು ಎಣಿಸುವುದು ಇಲಾಖೆಯವರು ಆ ಪತ್ರವನ್ನು ಅಂಚೆಗೆ ಹಾಕಿದ ದಿನಾಂಕದಿಂದಲೇ ಹೊರತು ಅದು ನಿಮ್ಮ ಕೈಸೇರಿದ ದಿನದಿಂದಲ್ಲ; ಆ ದಿನಾಂಕ ಪತ್ರದ ಮೇಲೆಯೇ ಅಚ್ಚಾಗಿರುತ್ತದೆ. ಡಿಇ 1000ಎಂ ಎಂಬ ಮೇಲ್ಮನವಿ ನಮೂನೆಯನ್ನು ತುಂಬಿ, ಪತ್ರದಲ್ಲಿ ಕೊಟ್ಟಿರುವ ವಿಳಾಸಕ್ಕೆ ಕಳಿಸಬೇಕು. ನಮೂನೆ ಕೈಗೆ ಸಿಗದಿದ್ದರೆ ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿದರೂ ನಡೆಯುತ್ತದೆ. ಪುಟಗಟ್ಟಲೆ ವಾದ ಬೇಕಿಲ್ಲ: ಇಂಥ ದಿನಾಂಕದ ನಿರ್ಧಾರವನ್ನು ನಾನು ಒಪ್ಪುವುದಿಲ್ಲ, ನನ್ನನ್ನು ತೆಗೆದದ್ದು ದುರ್ನಡತೆಗಾಗಿ ಅಲ್ಲ ಎಂದಿಷ್ಟು ಇದ್ದರೆ ಸಾಕು. ಆದರೆ ನಿಮ್ಮ ವಿಷಯದಲ್ಲಿ ನಿರ್ಧಾರಗಳು ಎರಡಿವೆ ಎಂಬುದನ್ನು ಮರೆಯಬೇಡಿ. ದುರ್ನಡತೆಯದು ಒಂದು, ಸುಳ್ಳು ಮಾಹಿತಿಯದು ಇನ್ನೊಂದು. ಎರಡನ್ನೂ ಪ್ರಶ್ನಿಸುತ್ತಿದ್ದೇನೆಂದು ಸ್ಪಷ್ಟವಾಗಿ ಬರೆಯಿರಿ. ಒಂದನ್ನು ಬಿಟ್ಟರೆ ಅದು ಗಡುವು ಮುಗಿದ ದಿನ ಗಟ್ಟಿಯಾಗಿ ಕೂತುಬಿಡುತ್ತದೆ. ಕಳಿಸಿದ್ದರ ಪ್ರತಿಯನ್ನೂ ಅಂಚೆ ರಸೀದಿಯನ್ನೂ ಇಟ್ಟುಕೊಳ್ಳಿ. ಗಡುವು ಮೀರಿದವರಿಗೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಸಕಾರಣವಿದ್ದರೆ ತಡವನ್ನು ಮನ್ನಿಸುವ ಅವಕಾಶವಿದೆ. ಆದರೆ ಆಗ ಮೂಲ ವಿಷಯಕ್ಕೆ ಮೊದಲು ತಡವಾದದ್ದೇಕೆ ಎಂಬುದನ್ನೇ ಸಾಬೀತುಪಡಿಸಬೇಕಾಗುತ್ತದೆ. ಹನ್ನೊಂದು ದಿನ ಕೈಯಲ್ಲಿರುವಾಗ ಆ ಗೋಜಿಗೆ ಬೀಳುವುದೇಕೆ?

ಇನ್ನು “ಅದೇ ಇಲಾಖೆ” ಎಂಬ ಮಾತು. ಕಾಗದ ಹೋಗುವುದು ಇಡಿಡಿಯ ವಿಳಾಸಕ್ಕೆ ಎಂಬುದರಿಂದ ಈ ತಪ್ಪು ಕಲ್ಪನೆ ಸಹಜ. ಇಲಾಖೆಯವರು ಅದನ್ನು ನೋಡಿ, ತಮ್ಮ ನಿರ್ಧಾರ ತಪ್ಪೆಂದು ಕಂಡರೆ ತಾವೇ ಬದಲಿಸಬಹುದು. ಬದಲಿಸದಿದ್ದರೆ ಕಡತವನ್ನು ಕ್ಯಾಲಿಫೋರ್ನಿಯ ನಿರುದ್ಯೋಗ ವಿಮಾ ಮೇಲ್ಮನವಿ ಮಂಡಳಿಗೆ ರವಾನಿಸಬೇಕು. ಇಡಿಡಿಯ ಸಿಬ್ಬಂದಿಗೆ ಉತ್ತರ ಹೇಳಬೇಕಾಗಿಲ್ಲದ, ಅರೆ ನ್ಯಾಯಾಂಗ ಸ್ವರೂಪದ ಸಂಸ್ಥೆ ಅದು. ನಿಮ್ಮ ವಿಷಯವನ್ನು ಕೇಳುವವರು ಆ ಮಂಡಳಿಯ ಆಡಳಿತಾತ್ಮಕ ನ್ಯಾಯಾಧೀಶರು. ಅವರ ಮುಂದೆ ನೀವೂ ಒಬ್ಬ ಪಕ್ಷಗಾರರು, ನಿಮ್ಮ ಹಳೆಯ ಕಂಪನಿಯೂ ಒಂದು ಪಕ್ಷ, ಇಡಿಡಿಯೂ ಒಂದು ಪಕ್ಷವೇ.

ಇದು ಕ್ಯಾಲಿಫೋರ್ನಿಯದವರ ಔದಾರ್ಯವೇನೂ ಅಲ್ಲ. ನಿರುದ್ಯೋಗ ವಿಮೆಯ ಮೊದಲ ಕಾನೂನು ಅಮೆರಿಕದಲ್ಲಿ ಬಂದದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ, 1932ರಲ್ಲಿ. ಅದನ್ನು ದೇಶಕ್ಕೆಲ್ಲ ಹಬ್ಬಿಸಿದ 1935ರ ಸಾಮಾಜಿಕ ಭದ್ರತಾ ಕಾಯಿದೆ ರಾಜ್ಯಗಳಿಗೆ ಒಂದು ಕರಾರು ಹಾಕಿತು: ಆಡಳಿತ ವೆಚ್ಚಕ್ಕೆ ಕೇಂದ್ರದ ಹಣ ಬೇಕಿದ್ದರೆ, ಭತ್ಯೆ ನಿರಾಕರಿಸಲ್ಪಟ್ಟ ಪ್ರತಿಯೊಬ್ಬರಿಗೂ ನಿಷ್ಪಕ್ಷಪಾತಿ ನ್ಯಾಯಮಂಡಳಿಯೊಂದರ ಮುಂದೆ ನ್ಯಾಯಯುತ ವಿಚಾರಣೆಯ ಅವಕಾಶ ಇರಲೇಬೇಕು. ಆದ್ದರಿಂದ ಯಾವ ರಾಜ್ಯದಲ್ಲಿ ಕೆಲಸ ಮಾಡಿದರೂ ಈ ವಿಚಾರಣೆ ಇದ್ದೇ ಇದೆ. ಹೆಸರು ಮತ್ತು ಗಡುವು ಮಾತ್ರ ಬೇರೆ ಬೇರೆ. ಟೆಕ್ಸಾಸ್‌ನಲ್ಲಿ ಕೇವಲ 14 ದಿನ, ಮ್ಯಾಸಚೂಸೆಟ್ಸ್‌ನಲ್ಲಿ 10 ದಿನ, ನ್ಯೂಯಾರ್ಕ್‌ನಲ್ಲಿ 30. ಡ್ಯಾಲಸ್‌ನಲ್ಲಿರುವ ಭಾವಮೈದುನನೋ ಬಾಸ್ಟನ್ನಿನ ಗೆಳತಿಯೋ ಹೇಳಿದ ಲೆಕ್ಕವನ್ನು ನಂಬಿ ಕೂರಬಾರದು ಎಂದು ನಾನು ಪದೇಪದೇ ಹೇಳುವುದು ಇದಕ್ಕೇ. ನಿಮ್ಮ ಕೈಯಲ್ಲಿರುವ ಪತ್ರ ಏನು ಹೇಳುತ್ತದೆಯೋ ಅದೇ ನಿಮ್ಮ ಗಡುವು.

ಮೇಲ್ಮನವಿ ಎಂಬ ಪದವೇ ನಮ್ಮವರನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಕೆಳಗಿನ ಕೋರ್ಟಿನ ತೀರ್ಪನ್ನು ಮೇಲಿನ ಕೋರ್ಟು ಕಾಗದ ನೋಡಿ ಪರಿಶೀಲಿಸುವ ಹಾಗೆ ಇಲ್ಲಿಯೂ ಇಡಿಡಿಯವರು ಎಲ್ಲಿ ತಪ್ಪಿದರು ಎಂದು ತೋರಿಸಬೇಕು ಎಂದುಕೊಳ್ಳುತ್ತಾರೆ. ಮೊದಲ ಹಂತದ ಈ ವಿಚಾರಣೆ ಹಾಗಲ್ಲ, ಇದು ಹೊಸದಾಗಿ ನಡೆಯುವ ವಿಚಾರಣೆ. ಇಡಿಡಿಯ ಅಧಿಕಾರಿ ನಿಮಗೊಂದು ಫೋನ್, ಕಂಪನಿಗೊಂದು ಫೋನ್ ಮಾಡಿ ಬರೆದ ತೀರ್ಮಾನ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ. ಪ್ರಮಾಣ ಮಾಡಿ ಯಾರು ಏನು ಹೇಳಿದರು, ಯಾವ ಕಾಗದ ಹಾಜರುಪಡಿಸಿದರು ಎಂಬುದರ ಮೇಲೆ ಅವರು ಸಂಗತಿಗಳನ್ನು ಮೊದಲಿನಿಂದ ನಿರ್ಧರಿಸುತ್ತಾರೆ. ಮುಂದೆ ಎಷ್ಟೇ ಮೆಟ್ಟಿಲು ಹತ್ತಿದರೂ, ಮೇಲಿನವರು ನೋಡುವುದು ಈ ವಿಚಾರಣೆಯಲ್ಲಿ ದಾಖಲಾದದ್ದನ್ನು. ಆದ್ದರಿಂದ ನಿಮ್ಮ ಶಕ್ತಿಯೆಲ್ಲ ಮೇಲ್ಮನವಿಯ ಪತ್ರದ ಭಾಷೆಗೆ ಖರ್ಚಾಗಬಾರದು. ಫೋನಿನಲ್ಲಿ ನಡೆಯುವ ಆ ಒಂದು ಗಂಟೆಗೆ ಉಳಿಯಬೇಕು.

ಆ ಒಂದು ಗಂಟೆಯಲ್ಲಿ ಏನನ್ನು ಸಾಬೀತುಪಡಿಸಬೇಕು ಎಂಬುದರಲ್ಲಿಯೇ ಬಹುಪಾಲು ಜನ ಎಡವುತ್ತಾರೆ. ಭಾರತದಲ್ಲಿ ಕಾರ್ಖಾನೆಯಿಂದಲೋ ಬ್ಯಾಂಕಿನಿಂದಲೋ ಒಬ್ಬರನ್ನು ತೆಗೆಯುವ ಮೊದಲು ಆರೋಪಪಟ್ಟಿ, ಆಂತರಿಕ ವಿಚಾರಣೆ ಎಂದೆಲ್ಲ ನಡೆಯುವುದನ್ನು ಕಂಡು ಬಂದ ನಮಗೆ, ಅನ್ಯಾಯವಾಗಿ ತೆಗೆದರು ಎಂದು ತೋರಿಸಿದರೆ ಗೆದ್ದೆವು ಅನ್ನಿಸುತ್ತದೆ. ಕ್ಯಾಲಿಫೋರ್ನಿಯದ ಬಹುತೇಕ ಖಾಸಗಿ ಕೆಲಸಗಳಲ್ಲಿ ಮಾಲೀಕರು ಕಾರಣ ಕೊಟ್ಟೋ ಕೊಡದೆಯೋ ಕೆಲಸದಿಂದ ತೆಗೆಯಬಹುದು, ಕಾನೂನು ನಿಷೇಧಿಸಿರುವ ತಾರತಮ್ಯದಂಥ ಕಾರಣಗಳಿಗೆ ಮಾತ್ರ ತೆಗೆಯುವಂತಿಲ್ಲ. ನಿಮ್ಮನ್ನು ತೆಗೆದದ್ದು ನ್ಯಾಯವೋ ಅನ್ಯಾಯವೋ ಎಂದು ಈ ನ್ಯಾಯಾಧೀಶರು ತೀರ್ಮಾನಿಸುವುದಿಲ್ಲ. ಕಂಪನಿಗೆ ನಿಮ್ಮನ್ನು ತೆಗೆಯುವ ಹಕ್ಕು ಪೂರ್ತಿಯಾಗಿ ಇದ್ದಿರಬಹುದು, ಆದರೂ ನಿಮಗೆ ಭತ್ಯೆ ಸಿಗಬಹುದು. ಅವರ ಮುಂದಿರುವ ಪ್ರಶ್ನೆ ಒಂದೇ: ತೆಗೆಯಲು ಕಾರಣವಾದ ಆ ನಡವಳಿಕೆ ಕಾನೂನಿನ ಅರ್ಥದಲ್ಲಿ ದುರ್ನಡತೆಯೇ?

ಈ ಅರ್ಥಕ್ಕೊಂದು ಚರಿತ್ರೆ ಇದೆ. 1941ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟು ಬಾಯ್ನ್‌ಟನ್ ಕ್ಯಾಬ್ ಎಂಬ ಟ್ಯಾಕ್ಸಿ ಕಂಪನಿಯ ಚಾಲಕನೊಬ್ಬನ ಪ್ರಕರಣದಲ್ಲಿ, ದುರ್ನಡತೆ ಎಂದರೆ ಮಾಲೀಕರ ಹಿತವನ್ನು ಬೇಕೆಂದೇ ಕಡೆಗಣಿಸುವುದು ಎಂದು ಹೇಳಿತು. ಕೆಲಸ ಸರಿಯಾಗಿ ಬಾರದಿರುವುದು, ಒಂದೆರಡು ಸಲದ ಸಾಮಾನ್ಯ ಅಜಾಗರೂಕತೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ ತಪ್ಪು ಲೆಕ್ಕಾಚಾರ, ಇವು ದುರ್ನಡತೆಯಲ್ಲ ಎಂದೂ ಹೇಳಿತು. ಆ ವ್ಯಾಖ್ಯೆಯನ್ನು ಒಂದಾದ ಮೇಲೊಂದು ರಾಜ್ಯಗಳು ಎತ್ತಿಕೊಂಡವು. ಕ್ಯಾಲಿಫೋರ್ನಿಯವೂ ಅದನ್ನೇ ಅನುಸರಿಸುತ್ತದೆ. ಇಲ್ಲಿ ಅದನ್ನು ನಾಲ್ಕು ತುಂಡು ಮಾಡಿ ನೋಡುತ್ತಾರೆ: ಮಾಲೀಕರ ಬಗ್ಗೆ ನಿಮಗೊಂದು ಮುಖ್ಯ ಕರ್ತವ್ಯವಿತ್ತೇ, ಅದನ್ನು ಗಣನೀಯವಾಗಿ ಮುರಿದಿರಾ, ಬೇಕೆಂದೇ ಅಥವಾ ಏನಾದರೇನು ಎಂಬ ಉಡಾಫೆಯಿಂದ ಮುರಿದಿರಾ, ಅದರಿಂದ ಮಾಲೀಕರ ಹಿತಕ್ಕೆ ಧಕ್ಕೆಯಾಗುವಂತಿತ್ತೇ. ನಾಲ್ಕೂ ಸೇರಿದರೆ ಮಾತ್ರ ದುರ್ನಡತೆ. ಕ್ಯಾಲಿಫೋರ್ನಿಯ ಸುಪ್ರೀಂ ಕೋರ್ಟು 1984ರ ಅಮಡೋರ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರು, ತಮ್ಮ ತರಬೇತಿಗೆ ಮೀರಿದ್ದೆಂದು ನಂಬಿದ ಕೆಲಸವೊಂದನ್ನು ಮಾಡಲು ನಿರಾಕರಿಸಿ ಕೆಲಸ ಕಳೆದುಕೊಂಡಿದ್ದರು. ಅವರು ಆದೇಶ ಮೀರಿದ್ದು ನಿಜವೇ ಆದರೂ ಸಮಂಜಸವಾದ ಪ್ರಾಮಾಣಿಕ ನಂಬಿಕೆಯಿಂದ ಮೀರಿದ್ದರಿಂದ ಅದು ದುರ್ನಡತೆಯಲ್ಲ ಎಂದಿತು ನ್ಯಾಯಾಲಯ.

ಇದನ್ನು ಸಾಬೀತುಪಡಿಸುವ ಹೊರೆ ನಿಮ್ಮದಲ್ಲ, ಕಂಪನಿಯದು. ಕೆಲಸ ಕಳೆದುಕೊಂಡವರು ದುರ್ನಡತೆಗಾಗಿ ಹೊರಹಾಕಲ್ಪಟ್ಟವರಲ್ಲ ಎಂದೇ ಕ್ಯಾಲಿಫೋರ್ನಿಯದ ಕಾನೂನು ಮೊದಲಿಗೆ ಭಾವಿಸುತ್ತದೆ. ಅಲ್ಲವೆನ್ನುವ ಮಾಲೀಕರು ತೋರಿಸಬೇಕು. ನೀವೇ ರಾಜೀನಾಮೆ ಕೊಟ್ಟಿದ್ದರೆ ಮಾತು ತಿರುಗುಮುರುಗಾಗುತ್ತಿತ್ತು, ಬಿಡಲು ಸಕಾರಣವಿತ್ತೆಂದು ನೀವು ತೋರಿಸಬೇಕಾಗುತ್ತಿತ್ತು. ಹಾಗಾಗಿ ವಿಚಾರಣೆಯಲ್ಲಿ “ಬಿಟ್ಟೆ” ಎಂಬ ಪದವನ್ನು ಬಾಯಿತಪ್ಪಿಯೂ ಬಳಸಬೇಡಿ, ಏಕೆಂದರೆ ನೀವು ಬಿಡಲಿಲ್ಲ.

ನಿಮ್ಮ ಸಂಗತಿಗೆ ಇದನ್ನು ಅನ್ವಯಿಸೋಣ. ಹಿಂದಿನ ಎರಡು ಎಚ್ಚರಿಕೆಗಳು ನಿಮ್ಮ ವಿರುದ್ಧ ಹೋಗುತ್ತವೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಯಮ ನಿಮಗೆ ಗೊತ್ತಿತ್ತು ಎಂಬುದಕ್ಕೆ ಅವು ಸಾಕ್ಷಿ. ಆದರೆ ನಿಮ್ಮನ್ನು ತೆಗೆಯಲು ಕೊನೆಯ ಕಾರಣವಾದದ್ದು ಆ ತಡಗಳಲ್ಲ, ಆಸ್ಪತ್ರೆಯ ಎರಡು ದಿನ. ಆ ಎರಡು ದಿನ ನೀವು ಬಾರದಿದ್ದಕ್ಕೆ ಬಲವಾದ ಕಾರಣವಿತ್ತು, ಕೆಲಸ ಶುರುವಾಗುವ ಮೊದಲೇ ತಿಳಿಸಿಯೂ ಇದ್ದಿರಿ ಎಂದು ತೋರಿಸಿದರೆ, “ಬೇಕೆಂದೇ” ಎಂಬ ಅಂಶ ಅಲ್ಲಿಗೆ ಕುಸಿಯುತ್ತದೆ. ಆದ್ದರಿಂದ ಎದುರು ಪಕ್ಷ ಹಳೆಯ ತಡಗಳ ಬಗ್ಗೆಯೇ ಹೆಚ್ಚು ಮಾತಾಡುತ್ತದೆ, ನೀವು ಕೊನೆಯ ಎರಡು ದಿನಗಳ ಬಗ್ಗೆ ಹೆಚ್ಚು ಮಾತಾಡಬೇಕು. ಎದುರಾಗಬಹುದಾದ ಕಠಿಣ ಪ್ರಶ್ನೆಯನ್ನೂ ಈಗಲೇ ಯೋಚಿಸಿಟ್ಟುಕೊಳ್ಳಿ: ಮೊದಲ ದಿನ ಸರಿ, ಎರಡನೆಯ ದಿನ ನಿಮ್ಮ ಯಜಮಾನರು ಆಸ್ಪತ್ರೆಯಲ್ಲಿ ಇರಬಹುದಿತ್ತಲ್ಲ? ಮೆಸೇಜ್ ಬದಲು ಫೋನ್ ಮಾಡಬೇಕೆಂಬ ನಿಯಮವಿತ್ತಲ್ಲ? ಇವಕ್ಕೆ ನಿಜವಾದ ಉತ್ತರವೇನೋ ಅದನ್ನು ಎರಡು ವಾಕ್ಯದಲ್ಲಿ ಹೇಳಲು ಬರಬೇಕು. ಹಿಂದೆಯೂ ಮೆಸೇಜ್ ಮೂಲಕವೇ ರಜೆ ತಿಳಿಸಿದ್ದು ಮ್ಯಾನೇಜರು ಒಪ್ಪಿಕೊಂಡಿದ್ದರೆ, ಆ ಹಳೆಯ ಮೆಸೇಜುಗಳು ಈಗ ಚಿನ್ನ.

ಒಂದು ಪಕ್ಕದ ಮಾತು. ಕಂಪನಿ ಇಷ್ಟು ಹಟ ಹಿಡಿಯುವುದೇಕೆ ಎಂದು ಬಹಳ ಮಂದಿ ನೊಂದುಕೊಳ್ಳುತ್ತಾರೆ. ಇದರಲ್ಲಿ ದ್ವೇಷಕ್ಕಿಂತ ಲೆಕ್ಕ ಹೆಚ್ಚು. ಈ ವಿಮೆಗೆ ಕ್ಯಾಲಿಫೋರ್ನಿಯದಲ್ಲಿ ತೆರಿಗೆ ಕಟ್ಟುವವರು ಮಾಲೀಕರು, ಪ್ರತಿ ನೌಕರರ ವಾರ್ಷಿಕ ಸಂಬಳದ ಮೊದಲ 7,000 ಡಾಲರ್ ಮೇಲೆ. ಅವರ ಹಳೆಯ ನೌಕರರು ಎಷ್ಟು ಭತ್ಯೆ ಪಡೆದರು ಎಂಬುದನ್ನು ನೋಡಿ ಅವರ ತೆರಿಗೆ ದರ ಏರುತ್ತದೆ, ಇಳಿಯುತ್ತದೆ. ಕೆಲವು ಕಂಪನಿಗಳು ಈ ಕ್ಲೇಮುಗಳನ್ನು ಎದುರಿಸುವ ಕೆಲಸವನ್ನೇ ಹೊರಗಿನ ಏಜೆನ್ಸಿಗಳಿಗೆ ವಹಿಸಿರುತ್ತವೆ. ವಿಚಾರಣೆಯ ದಿನ ಎದುರಿಗೆ ನಿಮ್ಮನ್ನು ಎಂದೂ ಕಂಡಿರದ ಒಬ್ಬರ ದನಿ ಕೇಳಿಸಿದರೆ ಗಾಬರಿಯಾಗಬೇಡಿ. ಅದರಿಂದ ನಿಮಗೆ ಅನುಕೂಲವೇ ಆಗಬಹುದು.

ಹೇಗೆ ಎಂದು ಹೇಳುತ್ತೇನೆ. ಇಂಥ ವಿಚಾರಣೆಗಳಲ್ಲಿ ಕೆಲಸ ಕಳೆದುಕೊಂಡವರ ಜೊತೆ ನಾನು ಕೂತಿದ್ದೇನೆ. ಒಂದು ಸಲ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಪ್ರಕರಣ. ಸೂಪರ್‌ವೈಸರ್ ಮೇಲೆ ಕೂಗಾಡಿದರು ಎಂಬುದು ಆರೋಪ. ಕಂಪನಿಯ ಪರವಾಗಿ ಬೇರೊಂದು ಊರಿನ ಎಚ್‌ಆರ್ ಅಧಿಕಾರಿ ಒಂದು ಇಮೇಲನ್ನು ಸೊಗಸಾಗಿ ಓದಿದರು. ನ್ಯಾಯಾಧೀಶರು ಕೇಳಿದ್ದು ಎರಡೇ ಪ್ರಶ್ನೆ: “ಆಗ ನೀವು ಅಲ್ಲಿದ್ದಿರಾ?” “ಇಲ್ಲ.” “ಸೂಪರ್‌ವೈಸರ್ ಈಗ ಲೈನಿನಲ್ಲಿ ಇದ್ದಾರೆಯೇ?” “ಇಲ್ಲ.” ಆಮೇಲೆ ನಮ್ಮವರನ್ನು ಕೇಳಿದರು, ನೀವು ಆಡಿದ ಮಾತು ಯಾವುದು, ಅದೇ ಪದಗಳಲ್ಲಿ ಹೇಳಿ ಎಂದು. ಅವರು ಹೇಳಿದರು, ದನಿ ಏರಿಸಿದ್ದನ್ನೂ ಒಪ್ಪಿಕೊಂಡರು. ತೀರ್ಪು ಅವರ ಪರ ಬಂತು. ಕೇಳಿದ ಮಾತನ್ನು ಈ ವಿಚಾರಣೆಗಳಲ್ಲಿ ತಳ್ಳಿಹಾಕುವುದಿಲ್ಲ, ಕೋರ್ಟಿನಷ್ಟು ಬಿಗಿಯಾದ ಸಾಕ್ಷ್ಯದ ನಿಯಮಗಳು ಇಲ್ಲಿಲ್ಲ. ಆದರೆ ಕಣ್ಣಾರೆ ಕಂಡವರು ಪ್ರಮಾಣ ಮಾಡಿ ಹೇಳಿದ್ದರ ಎದುರು, ಕಾಣದವರು ಓದಿದ ಕಾಗದ ಹಗುರಾಗುತ್ತದೆ. ಇದೇ ಮಾತು ನಿಮಗೂ ಅನ್ವಯಿಸುತ್ತದೆ. ಆಸ್ಪತ್ರೆಯಲ್ಲಿ ಜೊತೆಗಿದ್ದವರು ಅತ್ತೆಯವರಾದರೆ, ಅವರು ಹೀಗೆಂದರು ಎಂದು ನೀವು ಹೇಳುವ ಬದಲು, ಸಾಧ್ಯವಿದ್ದರೆ ಅವರೇ ಸಾಕ್ಷಿಯಾಗಿ ಮಾತಾಡಲಿ.

ಅತ್ತೆಯವರಿಗೆ ಕನ್ನಡ ಮಾತ್ರ ಬರುವುದಾದರೆ ದುಭಾಷಿಯನ್ನು ಕೇಳಿ. ಮಂಡಳಿ ಯಾವ ಶುಲ್ಕವೂ ಇಲ್ಲದೆ ಒದಗಿಸುತ್ತದೆ. ನಿಮಗೂ ಬೇಕೆನಿಸಿದರೆ ಸಂಕೋಚ ಬೇಡ. ಆಫೀಸಿನಲ್ಲಿ ಮೂರು ವರ್ಷ ಇಂಗ್ಲಿಷಿನಲ್ಲಿ ಕೆಲಸ ಮಾಡಿದವರು ಕೂಡ ಪ್ರಮಾಣ ಮಾಡಿ ಉತ್ತರಿಸುವಾಗ ತಡವರಿಸುವುದನ್ನು ನಾನು ಕಂಡಿದ್ದೇನೆ. ಮೇಲ್ಮನವಿ ಕಳಿಸುವಾಗಲೇ ‘ಕನ್ನಡ’ ಎಂದು ಭಾಷೆಯ ಹೆಸರನ್ನು ಸ್ಪಷ್ಟವಾಗಿ ಬರೆಯಿರಿ. ‘ಇಂಡಿಯನ್’ ಎಂದು ಬರೆದರೆ ಹಿಂದಿಯವರನ್ನು ಕೂರಿಸಿಯಾರು. ಇನ್ನೊಂದು ಅಭ್ಯಾಸದ ವಿಷಯ. ಎದುರಿನವರು ಮಾತಾಡುವಾಗ ನಾವು “ಹ್ಞೂಂ, ಹ್ಞೂಂ” ಎನ್ನುತ್ತಿರುತ್ತೇವೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಮರ್ಯಾದೆಗೆ. ವಿಚಾರಣೆ ಪೂರ್ತಿ ಧ್ವನಿಮುದ್ರಣವಾಗುತ್ತಿರುತ್ತದೆ. “ನಿಯಮ ಗೊತ್ತಿದ್ದೂ ಪಾಲಿಸಲಿಲ್ಲ, ಅಲ್ಲವೇ?” ಎಂದು ಕಂಪನಿಯವರು ಕೇಳುತ್ತಿರುವಾಗ ನಿಮ್ಮ “ಹ್ಞೂಂ” ದಾಖಲೆಯಲ್ಲಿ ಒಪ್ಪಿಗೆಯಾಗಿ ಕೂತೀತು. ಹಿರಿಯ ಮಹಿಳೆಯೊಬ್ಬರ ವಿಚಾರಣೆಯಲ್ಲಿ ನ್ಯಾಯಾಧೀಶರೇ ಮಾತು ತಡೆದು, “ಇದು ಹೌದು ಎಂದೋ, ಕೇಳುತ್ತಿದ್ದೇನೆ ಎಂದೋ?” ಎಂದು ಕೇಳಿ ಬಿಡಿಸಿದರು. ಎಲ್ಲರೂ ಅಷ್ಟು ಗಮನಿಸುತ್ತಾರೆಂದು ನೆಚ್ಚಬೇಡಿ. ಪ್ರಶ್ನೆ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಹೌದು ಅಥವಾ ಇಲ್ಲ ಎಂದು ಪೂರ್ಣ ಪದದಲ್ಲಿ ಹೇಳಿ.

ವಿಚಾರಣೆಯ ನೋಟಿಸು ಕನಿಷ್ಠ ಹತ್ತು ದಿನ ಮೊದಲು ಅಂಚೆಗೆ ಬೀಳಬೇಕು. ದಿನ, ಹೊತ್ತು, ಫೋನಿನಲ್ಲೋ ಕಚೇರಿಯಲ್ಲೋ ಎಂಬುದರ ಜೊತೆಗೆ, ಯಾವ ಯಾವ ವಿಷಯಗಳನ್ನು ಕೇಳುತ್ತಾರೆ ಎಂಬುದೂ ಅದರಲ್ಲಿ ಕಲಮಿನ ಸಂಖ್ಯೆಯೊಂದಿಗೆ ಇರುತ್ತದೆ. ನಿಮ್ಮ ನೋಟಿಸಿನಲ್ಲಿ 1256 (ದುರ್ನಡತೆ) ಮತ್ತು 1257 (ಸುಳ್ಳು ಮಾಹಿತಿ) ಎಂಬ ಎರಡು ಕಲಮುಗಳು ಕಾಣಬೇಕು; ಒಂದು ಕಾಣದಿದ್ದರೆ ಅಂದೇ ಮೇಲ್ಮನವಿ ಕಚೇರಿಗೆ ಫೋನ್ ಮಾಡಿ. ಅದಾದ ಕೂಡಲೇ ಮಾಡಬೇಕಾದದ್ದು ಇಡಿಡಿಯ ಕಡತವನ್ನು ತರಿಸಿಕೊಂಡು ಓದುವುದು. ಇದು ನಿಮ್ಮ ಹಕ್ಕು. ಆದರೂ ಹತ್ತರಲ್ಲಿ ಎಂಟು ಮಂದಿ ಓದದೆಯೇ ಬರುತ್ತಾರೆ ಎಂದು ನನಗನ್ನಿಸುತ್ತದೆ. ಕಂಪನಿ ಇಲಾಖೆಗೆ ಏನೆಂದು ಬರೆದಿದೆ, ಫೋನಿನಲ್ಲಿ ನೀವು ಹೇಳಿದ್ದನ್ನು ಅಧಿಕಾರಿ ಹೇಗೆ ಗುರುತು ಮಾಡಿಕೊಂಡಿದ್ದಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ನೀವು ವಿಚಾರಣೆಯಲ್ಲಿ ಒಂದು ಹೇಳಿ, ಅಧಿಕಾರಿಯ ಟಿಪ್ಪಣಿಯಲ್ಲಿ ಇನ್ನೊಂದಿದ್ದರೆ ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ.

ಕಾಗದಪತ್ರಗಳಲ್ಲಿ ಮೆಸೇಜಿನ ಸ್ಕ್ರೀನ್‌ಶಾಟು ಎಲ್ಲಕ್ಕಿಂತ ಮುಖ್ಯ. ದಿನಾಂಕ, ಹೊತ್ತು, ಕಳಿಸಿದ ಸಂಖ್ಯೆ ಮೂರೂ ಕಾಣುವಂತೆ ಇರಲಿ. ಮ್ಯಾನೇಜರ ಉತ್ತರ ಬಂದಿದ್ದರೆ ಅದೂ ಇರಲಿ. ಆಸ್ಪತ್ರೆಗೆ ಸೇರಿಸಿದ ಮತ್ತು ಬಿಡುಗಡೆಯಾದ ದಿನಾಂಕದ ಚೀಟಿ ಸಾಕು, ಮಾವನವರ ರೋಗದ ವಿವರಗಳನ್ನೆಲ್ಲ ಕೊಡಬೇಕಾಗಿಲ್ಲ. ಎರಡು ಎಚ್ಚರಿಕೆ ಪತ್ರಗಳು, ಹಾಜರಾತಿಯ ನಿಯಮ, ಕೆಲಸದಿಂದ ತೆಗೆದ ಪತ್ರ ನಿಮ್ಮಲ್ಲಿದ್ದರೆ ಅವನ್ನೂ ಸೇರಿಸಿ. ಇವೆಲ್ಲದರ ಪ್ರತಿಗಳು ವಿಚಾರಣೆಗೆ ಮೊದಲೇ ಮೇಲ್ಮನವಿ ಕಚೇರಿಗೂ ಎದುರು ಪಕ್ಷಕ್ಕೂ ತಲುಪಿರಬೇಕು, ಏಕೆಂದರೆ ಫೋನಿನ ವಿಚಾರಣೆಯಲ್ಲಿ ನೀವು ಕೈಯಲ್ಲಿ ಹಿಡಿದದ್ದು ಯಾರಿಗೂ ಕಾಣುವುದಿಲ್ಲ. ಕಂಪನಿಯ ಬಳಿಯೇ ಇರುವ ದಾಖಲೆ ಬೇಕಿದ್ದರೆ ಅದನ್ನು ಹಾಜರುಪಡಿಸುವಂತೆ ಸಮನ್ಸ್ ಹೊರಡಿಸಲು ಮೊದಲೇ ಕೇಳಿಕೊಳ್ಳಬಹುದು.

ವಕೀಲರ ಬಗ್ಗೆ ಕೇಳಿದ್ದೀರಿ. ಕಡ್ಡಾಯವಲ್ಲ. ಪ್ರಶ್ನೆಗಳನ್ನು ಮುಖ್ಯವಾಗಿ ನ್ಯಾಯಾಧೀಶರೇ ಕೇಳುತ್ತಾರೆ, ಬರಿಗೈಯಲ್ಲಿ ಬಂದ ಪಕ್ಷಗಾರರಿಗೆ ಮಾತಾಡಲು ಅವಕಾಶ ಮಾಡಿಕೊಡುವುದು ಅವರ ಕರ್ತವ್ಯದ ಭಾಗ. ಕೆಲಸದಿಂದ ತೆಗೆದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಮೊದಲು ಕಂಪನಿಯ ಸಾಕ್ಷ್ಯ, ಅವರಿಗೆ ನಿಮ್ಮ ಪ್ರಶ್ನೆಗಳು, ಆಮೇಲೆ ನಿಮ್ಮ ಸಾಕ್ಷ್ಯ. ನಿಮ್ಮ ಪ್ರಕರಣದಲ್ಲಿ ಸುಳ್ಳು ಮಾಹಿತಿಯ ಆರೋಪವೂ ಇರುವುದರಿಂದ, ಉಚಿತ ಕಾನೂನು ನೆರವಿನ ಕೇಂದ್ರವನ್ನೋ ಕಾನೂನು ಕಾಲೇಜುಗಳು ನಡೆಸುವ ಸಲಹಾ ಕೇಂದ್ರವನ್ನೋ ಒಮ್ಮೆ ಕೇಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಯಜಮಾನರು ಪಕ್ಕದಲ್ಲಿ ಕೂತು ಉತ್ತರ ಪಿಸುಗುಟ್ಟುವುದು ಮಾತ್ರ ಬೇಡವೇ ಬೇಡ. ಅದು ಕೇಳಿಸಿದರೆ ನಿಮ್ಮ ಮಾತಿನ ತೂಕವೇ ಹೋಗುತ್ತದೆ. ಹೇಳಿದ ಹೊತ್ತಿಗೆ ಲೈನಿನಲ್ಲಿ ಇಲ್ಲದಿದ್ದರೆ ಮೇಲ್ಮನವಿ ವಜಾ ಆಗುತ್ತದೆ, ಮತ್ತೆ ತೆರೆಯಿಸಲು ಸಕಾರಣ ತೋರಿಸಿ ಬರೆಯಬೇಕಾಗುತ್ತದೆ. ಅಂದು ಬೇರೆ ಕಂಪನಿಯ ಇಂಟರ್‌ವ್ಯೂ ಬಂದರೆ ಮುಂಚೆಯೇ ತಿಳಿಸಿ ದಿನ ಬದಲಿಸಿಕೊಳ್ಳಲು ಕೇಳಿ.

ಈಗ ಎರಡನೆಯ ನಿರ್ಧಾರ, ‘ಲೇ-ಆಫ್’ ಎಂದು ಗುರುತು ಮಾಡಿದ್ದು. ಕನ್ನಡದಲ್ಲಿ “ಕೆಲಸ ಹೋಯಿತು” ಎಂದುಬಿಟ್ಟರೆ ಎಲ್ಲವೂ ಅದರೊಳಗೆ ಅಡಗುತ್ತದೆ: ಕಂಪನಿ ಹುದ್ದೆಯನ್ನೇ ರದ್ದು ಮಾಡಿದ್ದು, ನಮ್ಮನ್ನು ತೆಗೆದದ್ದು, ನಾವೇ ರಾಜೀನಾಮೆ ಬರೆದುಕೊಟ್ಟದ್ದು. ಇಡಿಡಿಯ ಅರ್ಜಿಯಲ್ಲಿ ಇವು ಬೇರೆ ಬೇರೆ ಉತ್ತರಗಳು. ‘ತೆಗೆದುಹಾಕಿದರು’ ಎಂದು ಹೇಳಲು ನಾಚಿಕೊಂಡು ‘ಲೇ-ಆಫ್’ ಎಂದವರನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ. ಕಾನೂನು ಶಿಕ್ಷಿಸುವುದು ತಪ್ಪು ಉತ್ತರವನ್ನಲ್ಲ. ಸುಳ್ಳೆಂದು ಗೊತ್ತಿದ್ದೂ, ಭತ್ಯೆ ಪಡೆಯುವ ಉದ್ದೇಶದಿಂದ, ಬೇಕೆಂದೇ ಕೊಟ್ಟ ಉತ್ತರವನ್ನು. ನಿಮ್ಮನ್ನು ಕರೆದು ಹೇಳುವಾಗ ಅವರು ಯಾವ ಪದ ಬಳಸಿದರು? ಪತ್ರದಲ್ಲಿ ಏನೆಂದಿತ್ತು? ಆಮೇಲೆ ಇಡಿಡಿಯವರು ಫೋನ್ ಮಾಡಿದಾಗ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಿರಾ? ಹೇಳಿದ್ದರೆ, ಮುಚ್ಚಿಡುವ ಉದ್ದೇಶ ನಿಮಗಿರಲಿಲ್ಲ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ನಾಚಿಕೆಯಿಂದ ಹಾಗೆ ಗುರುತು ಮಾಡಿದ್ದೇ ನಿಜವಾಗಿದ್ದರೆ ನಾಚಿಕೆಯಿಂದಲೇ ಎಂದು ಹೇಳಿ. ಅರ್ಥವಾಗಲಿಲ್ಲ ಎಂಬ ಹೊಸ ಕಥೆ ಕಟ್ಟಬೇಡಿ. ಮೂರು ವರ್ಷ ಟೆಸ್ಟಿಂಗ್ ಮಾಡಿದವರಿಗೆ ಆ ಪದ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಈ ಒಂದು ಉತ್ತರದಲ್ಲಿ ನಂಬಿಕೆ ಹೋದರೆ ಆಸ್ಪತ್ರೆಯ ಮಾತಿನ ಮೇಲೂ ಹೋಗುತ್ತದೆ.

ಮೇಲ್ಮನವಿ ಇತ್ಯರ್ಥವಾಗುವವರೆಗೆ, ಹಣ ಬರದಿದ್ದರೂ, ಎರಡು ವಾರಕ್ಕೊಮ್ಮೆ ಸರ್ಟಿಫೈ ಮಾಡುವುದನ್ನು ನಿಲ್ಲಿಸಬೇಡಿ. ಕೆಲಸ ಹುಡುಕುತ್ತಿದ್ದೇನೆ, ಮಾಡಲು ಸಿದ್ಧವಿದ್ದೇನೆ ಎಂಬ ಆ ಹೇಳಿಕೆ ಇಲ್ಲದ ವಾರಗಳಿಗೆ ಗೆದ್ದ ಮೇಲೂ ಹಣ ಸಿಗುವುದು ಕಷ್ಟ. ಗೆದ್ದು ಬರಿಗೈಯಲ್ಲಿ ಕೂತವರನ್ನು ನೋಡಿ ನನಗೆ ಬೇಸರವಾದಷ್ಟು ಸೋತವರನ್ನು ನೋಡಿ ಆಗಿಲ್ಲ. ಮೊತ್ತವೇನೂ ಸಣ್ಣದಲ್ಲ: ಕ್ಯಾಲಿಫೋರ್ನಿಯದಲ್ಲಿ ವಾರಕ್ಕೆ ಗರಿಷ್ಠ 450 ಡಾಲರ್, ಸಾಮಾನ್ಯ ಕಾಲದಲ್ಲಿ ಗರಿಷ್ಠ 26 ವಾರ, ಒಟ್ಟು 11,700 ಡಾಲರ್. ಇಎಡಿ ಕಾರ್ಡಿನ ಅವಧಿಯ ಮೇಲೂ ಕಣ್ಣಿಡಿ. ಕಾರ್ಡು ಮುಗಿದು ಹೊಸದು ಬಾರದ ವಾರಗಳಲ್ಲಿ ನೀವು ಕಾನೂನುಬದ್ಧವಾಗಿ ಕೆಲಸಕ್ಕೆ ಲಭ್ಯರಲ್ಲ, ಆ ವಾರಗಳಿಗೆ ಬೇರೆಯೇ ನಿರಾಕರಣೆ ಬರುತ್ತದೆ.

ಎಷ್ಟು ದಿನ ಕಾಯಬೇಕು? ಮೊದಲ ಹಂತದ ಮೇಲ್ಮನವಿಗಳಲ್ಲಿ ಕನಿಷ್ಠ ಶೇ. 60ರಷ್ಟು 30 ದಿನದೊಳಗೆ, ಶೇ. 80ರಷ್ಟು 45 ದಿನದೊಳಗೆ ತೀರ್ಮಾನವಾಗಬೇಕೆಂದು ಕೇಂದ್ರದ ಕಾರ್ಮಿಕ ಇಲಾಖೆ ರಾಜ್ಯಗಳಿಗೆ ಮಾನದಂಡ ಹಾಕಿದೆ. ಕೊರೋನಾ ಕಾಲದಲ್ಲಿ ಅರ್ಜಿಗಳ ಪ್ರವಾಹ ಬಂದಾಗ ಇದು ಹಲವು ರಾಜ್ಯಗಳಲ್ಲಿ ಹೆಸರಿಗಷ್ಟೇ ಉಳಿದಿತ್ತು. ತೀರ್ಪು ಅಂಚೆಯಲ್ಲಿ ಬರುತ್ತದೆ. ನೀವು ಗೆದ್ದು ಕಂಪನಿ ಮೇಲ್ಮನವಿ ಹೋದರೆ, ಅದು ಮುಗಿಯುವವರೆಗೆ ನಿಮ್ಮ ಹಣ ತಡೆಯುವಂತಿಲ್ಲ. ಕ್ಯಾಲಿಫೋರ್ನಿಯ ಹಿಂದೆ ಹಾಗೆ ತಡೆಯುತ್ತಿತ್ತು, 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಾವಾ ಪ್ರಕರಣದಲ್ಲಿ ಅದನ್ನು ತಪ್ಪೆಂದು ನಿಲ್ಲಿಸಿತು.

ಸೋತರೆ, ತೀರ್ಪಿನ ದಿನಾಂಕದಿಂದ ಮತ್ತೆ 30 ದಿನದೊಳಗೆ ಮಂಡಳಿಯ ಸದಸ್ಯರಿಗೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು. ಅವರು ಧ್ವನಿಮುದ್ರಣ ಮತ್ತು ಕಾಗದ ನೋಡುತ್ತಾರೆ, ಸಾಮಾನ್ಯವಾಗಿ ಹೊಸ ಸಾಕ್ಷ್ಯ ಸ್ವೀಕರಿಸುವುದಿಲ್ಲ. ಮೊದಲೇಕೆ ಕೊಡಲಿಲ್ಲ ಎಂಬುದಕ್ಕೆ ಒಪ್ಪುವಂಥ ಕಾರಣ ಬೇಕು. ಅಲ್ಲಿಯೂ ಸೋತರೆ ಆರು ತಿಂಗಳೊಳಗೆ ಸುಪೀರಿಯರ್ ಕೋರ್ಟಿಗೆ ಹೋಗಬಹುದು. ಆ ಹಂತಕ್ಕೆ ವಕೀಲರು ಬೇಕೇ ಬೇಕು ಎನ್ನುತ್ತೇನೆ. ದುರ್ನಡತೆಯ ಅನರ್ಹತೆ ಕೂಡ ಜೀವನಪೂರ್ತಿಯದಲ್ಲ: ಮತ್ತೆ ಕೆಲಸಕ್ಕೆ ಸೇರಿ ವಾರದ ಭತ್ಯೆಯ ಐದರಷ್ಟು, ನಿಮ್ಮದು 450 ಆದರೆ 2,250 ಡಾಲರ್, ಗಳಿಸಿದ ಮೇಲೆ ಅದು ತೀರುತ್ತದೆ.

ಕೊನೆಗೆ ಯಜಮಾನರ ಆತಂಕ. ನಿರುದ್ಯೋಗ ವಿಮೆ ಬಡವರಿಗೆ ಕೊಡುವ ಸರಕಾರಿ ನೆರವಿನ ಲೆಕ್ಕಕ್ಕೆ ಸೇರುವುದಿಲ್ಲ. ದುಡಿದ ಸಂಬಳದ ಆಧಾರದ ಮೇಲೆ, ಮಾಲೀಕರು ಕಟ್ಟಿದ ತೆರಿಗೆಯಿಂದ ಬರುವ ಭತ್ಯೆ ಅದು. ಗ್ರೀನ್ ಕಾರ್ಡಿನಲ್ಲಿ ಸರಕಾರಕ್ಕೆ ಹೊರೆಯಾಗುವವರೇ ಎಂದು ನೋಡುವ ಪರೀಕ್ಷೆಯಲ್ಲಿ ಇದನ್ನು ಅಂಥ ನೆರವೆಂದು ಎಣಿಸುತ್ತಿಲ್ಲ. ಅವರೇ ಎಚ್-1ಬಿಯಲ್ಲಿದ್ದು ಕೆಲಸ ಕಳೆದುಕೊಂಡಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತು, ಏಕೆಂದರೆ ಆ ವೀಸಾದವರು ಬೇರೆ ಕಡೆ ತಕ್ಷಣ ಕೆಲಸಕ್ಕೆ ಸೇರಲು ಸ್ವತಂತ್ರರಲ್ಲ. ನಿಮ್ಮ ಕಾರ್ಡು ಯಾರ ಬಳಿಯಾದರೂ ಕೆಲಸ ಮಾಡಲು ಬಿಡುತ್ತದೆ. ವಲಸೆಯ ದೃಷ್ಟಿಯಿಂದ ನಾನು ಚಿಂತಿಸುವುದು ಭತ್ಯೆಯ ಬಗ್ಗೆ ಅಲ್ಲ, ಇನ್ನೊಂದು ಕಾಗದದ ಬಗ್ಗೆ: ಸರಕಾರಿ ಇಲಾಖೆಯೊಂದಕ್ಕೆ ಹಣಕ್ಕಾಗಿ ಬೇಕೆಂದೇ ಸುಳ್ಳು ಹೇಳಿದರು ಎಂಬ ನಿರ್ಧಾರ. ನಿಮ್ಮ ಗ್ರೀನ್ ಕಾರ್ಡಿನ ವಕೀಲರಿಗೆ ಆ ಪತ್ರವನ್ನು ತೋರಿಸಿ. ಸುಮ್ಮನಿದ್ದುಬಿಟ್ಟರೆ ಹನ್ನೊಂದು ದಿನದ ನಂತರ ನಿಮ್ಮ ಹೆಸರಿನಲ್ಲಿ ಯಾರೂ ಪ್ರಶ್ನಿಸದೆ ಉಳಿಯುವುದು ಅದೇ ಕಾಗದ.